ಬಡಕಲು ಕುರಿಯ ಪಾಲು



ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಓದುವಾಗ 16ನೆಯ ವಚನದ ಆಸುಪಾಸಿನಲ್ಲಿ ನಿಲ್ಲಿಸಿಬಿಡುವುದು ವಾಡಿಕೆ. ಕಳೆದುಹೋದ ಕುರಿಯನ್ನು ದೇವರು ತಾನೇ ಹುಡುಕಿಕೊಂಡು ಹೋಗುವುದು, ಓಡಿಸಲ್ಪಟ್ಟದ್ದನ್ನು ಮರಳಿ ತರುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು ಎಲ್ಲವೂ ಅಲ್ಲಿಗೆ ಮುಗಿದಿರುತ್ತದೆ. ಕೇಳುವವರ ಮನಸ್ಸು ತಂಪಾಗಿರುತ್ತದೆ. ಆದರೆ ಪ್ರವಾದಿಯ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ವಚನಗಳಲ್ಲಿ ದೇವರು ಕೆಟ್ಟ ಕುರುಬರನ್ನು ಬಿಟ್ಟು ಕುರಿಗಳ ಕಡೆಗೇ ತಿರುಗುತ್ತಾನೆ. ಒಳ್ಳೆಯ ಹುಲ್ಲನ್ನು ಮೇದು ಉಳಿದದ್ದನ್ನು ತುಳಿದವರು ಯಾರು, ತಿಳಿನೀರು ಕುಡಿದು ಮಿಕ್ಕದ್ದನ್ನು ಕಾಲಿನಿಂದ ಕದಡಿದವರು ಯಾರು, ಪಕ್ಕೆಯಿಂದ ನೂಕಿ ಕೊಂಬಿನಿಂದ ಹಾಯ್ದು ಬಡಕಲು ಕುರಿಗಳನ್ನು ಹಟ್ಟಿಯಾಚೆ ಚದುರಿಸಿದವರು ಯಾರು ಎಂಬ ವಿಚಾರಣೆ ಅಲ್ಲಿ ನಡೆಯುತ್ತದೆ. ಕೊಬ್ಬಿದ ಕುರಿಗೂ ಬಡಕಲು ಕುರಿಗೂ ನಡುವೆ ನ್ಯಾಯ ತೀರಿಸುವುದು ಕೂಡ ಆ ಕುರುಬನ ಕೆಲಸವೇ.

ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ದೇವರ ವಾಗ್ದಾನಗಳಲ್ಲಿ ನಮಗಿರುವ ನಿರೀಕ್ಷೆ. ಓದದೆ ಬಿಟ್ಟ ಆ ವಚನಗಳಿಲ್ಲದೆ ಆ ನಿರೀಕ್ಷೆಗೆ ನೆಲೆಯಿಲ್ಲ ಎಂದು ನಾನು ನಂಬುತ್ತೇನೆ. ಇದನ್ನು ಕೇರಳದ ಎರಡು ಊರುಗಳ ಕಥೆಯ ಮೂಲಕ ನಿಮ್ಮ ಮುಂದಿಡುತ್ತೇನೆ. ಒಂದು ಕೊಚ್ಚಿ, ಇನ್ನೊಂದು ತಿರುವನಂತಪುರದ ಕಡಲತೀರ.

ಮೊದಲು ಪ್ರವಾದಿಯ ಕಾಲವನ್ನು ನೆನಪಿಗೆ ತಂದುಕೊಳ್ಳೋಣ. ಕ್ರಿಸ್ತಪೂರ್ವ 597ರಲ್ಲಿ ರಾಜ ಯೆಹೋಯಾಖೀನನೊಡನೆ ಬಾಬಿಲೋನಿಗೆ ಸೆರೆಹೋದವರಲ್ಲಿ ಯೆಹೆಜ್ಕೇಲನೂ ಒಬ್ಬ. ಕೆಬಾರ್ ಕಾಲುವೆಯ ದಡದ ತೇಲ್ ಅಬೀಬಿನಲ್ಲಿ ಅವನ ವಾಸ. ಸೆರೆವಾಸದ ಹನ್ನೆರಡನೆಯ ವರ್ಷದಲ್ಲಿ ಯೆರೂಸಲೇಮಿನಿಂದ ತಪ್ಪಿಸಿಕೊಂಡು ಬಂದವನೊಬ್ಬ ಪಟ್ಟಣ ಬಿದ್ದ ಸುದ್ದಿ ಹೇಳುತ್ತಾನೆ. ಅದು 33ನೆಯ ಅಧ್ಯಾಯ. ಕುರುಬನ ವಾಗ್ದಾನ ಬರುವುದು ಅದರ ಬೆನ್ನಿಗೇ. ದೇವಾಲಯ ಸುಟ್ಟುಹೋಗಿದೆ, ಅರಸುಮನೆತನ ಮುಗಿದಿದೆ, ಇನ್ನು ಆತುಕೊಳ್ಳಲು ಏನೂ ಉಳಿದಿಲ್ಲ. ಆಗ ದೇವರು ನಾನೇ ಬರುತ್ತೇನೆ ಎನ್ನುತ್ತಾನೆ. ಮನುಷ್ಯ ಕುರುಬರು ಸೋತದ್ದಕ್ಕೆ ಮಂದೆಯನ್ನು ಕೈಬಿಡುವ ಬದಲು ಅವರ ಕೈಯಿಂದ ಕೋಲನ್ನು ಕಿತ್ತುಕೊಳ್ಳುತ್ತಾನೆ.

ನಮ್ಮ ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯವರಿಗೆ ಕುರುಬನೆಂದರೆ ಚಿತ್ರಪಟದಲ್ಲಿ ಬಿಳಿ ಅಂಗಿ ತೊಟ್ಟು ನಿಂತವನಲ್ಲ. ಸುಗ್ಗಿ ಮುಗಿದ ಮೇಲೆ ಮಂದೆ ಕಟ್ಟಿಕೊಂಡು ಊರೂರು ಅಲೆಯುವವನು. ಹೊಲದಲ್ಲಿ ಕುರಿ ತರುಬಿದ್ದಕ್ಕೆ ರೈತ ಕೊಟ್ಟ ಕಾಳು, ದುಡ್ಡು ಅವನ ಸಂಪಾದನೆ. ರಾತ್ರಿ ತೋಳದ ಭಯಕ್ಕೆ ನಾಯಿಗಳೊಡನೆ ಎದ್ದಿರುತ್ತಾನೆ. ದಾರಿಯಲ್ಲಿ ಈದ ಮರಿ ಅವನ ಹೆಗಲ ಮೇಲಿರುತ್ತದೆ. ಮಂದೆಯೊಳಗಿನ ಜಗಳವೂ ಅವನಿಗೆ ಗೊತ್ತು. ಹೊಂಡಕ್ಕೆ ನೀರಿಗೆ ಬಿಟ್ಟಾಗ ಬಲವಾದ ಟಗರು ಮುಂದೆ ನುಗ್ಗುತ್ತದೆ, ಮೆತ್ತನೆಯದು ಹಿಂದೆ ಉಳಿದು ರಾಡಿ ಕುಡಿಯುತ್ತದೆ. ನಡುವೆ ಕೋಲು ಅಡ್ಡ ಹಿಡಿಯದವನನ್ನು ಕುರುಬನೆಂದು ಯಾರೂ ಕರೆಯರು. ಯೆಹೆಜ್ಕೇಲನ ಮಾತು ಕುರಿಮಂದೆಯ ನಡುವೆ ನಡೆದಾಡಿದವನ ಮಾತಿನಂತಿದೆ.

ಈಗ ಕೊಚ್ಚಿಗೆ ಬರೋಣ.

ಸ್ವಂತ ನೆಲಕ್ಕೆ ಮರಳುವ ವಾಗ್ದಾನವನ್ನು ಅಕ್ಷರಶಃ ನಂಬಿ ಶತಮಾನಗಳ ಕಾಲ ಭಾರತದ ನೆಲದಲ್ಲಿ ಬಾಳಿದ ಜನರೆಂದರೆ ಕೊಚ್ಚಿಯ ಯಹೂದಿಗಳು. ಸುಮಾರು ಕ್ರಿಸ್ತಶಕ 1000ದಲ್ಲಿ ಚೇರ ಅರಸ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ಹಗಲುದೀವಟಿಗೆ, ಪಲ್ಲಕ್ಕಿ, ಕೊಡೆ, ಕಹಳೆ ಸೇರಿ 72 ಹಕ್ಕುಗಳು ಅದರಲ್ಲಿವೆ. ಚೇಂದಮಂಗಲದಲ್ಲಿ 1269ರ ಹೀಬ್ರೂ ಬರಹದ ಸಮಾಧಿಕಲ್ಲು ಇದೆ. ಕೊಡುಂಗಲ್ಲೂರಿನ ನೆಲೆ ಹದಿನಾರನೆಯ ಶತಮಾನದಲ್ಲಿ ಒಡೆದುಹೋದಾಗ ಕೊಚ್ಚಿಯ ಅರಸ ಅವರಿಗೆ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರ 1568ರಲ್ಲಿ ಎದ್ದದ್ದು ಹೀಗೆ. 1662ರಲ್ಲಿ ಪೋರ್ಚುಗೀಸರು ಅದನ್ನು ಹಾಳುಗೆಡವಿದರು, ಮರುವರ್ಷ ಡಚ್ಚರು ಕೊಚ್ಚಿಯನ್ನು ಹಿಡಿದ ಮೇಲೆ ಅದು ಮತ್ತೆ ಎದ್ದಿತು. ಹದಿನೆಂಟನೆಯ ಶತಮಾನದಲ್ಲಿ ಎಜೆಕಿಯಲ್ ರಹಾಬಿ ಎಂಬ ವ್ಯಾಪಾರಿ ಗಡಿಯಾರದ ಗೋಪುರ ಕಟ್ಟಿಸಿದ, ಚೀನಾದ ಕ್ಯಾಂಟನ್ನಿನಿಂದ ಕೈಯಲ್ಲಿ ಬಣ್ಣ ಬರೆದ ಹಂಚುಗಳನ್ನು ತರಿಸಿ ನೆಲಕ್ಕೆ ಹಾಸಿದ. ಗೋಪುರದ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳಿವೆ.

ಇಂದಲ್ಲ ನಾಳೆ ಹೊರಡುವೆವೆಂದು ನಂಬಿದ ಜನ ನೆಲಕ್ಕೆ ಅಷ್ಟು ಚಂದದ ಹಂಚು ಹಾಸಿದರು. ಯೆರೆಮೀಯ ಸೆರೆವಾಸಿಗಳಿಗೆ ಬರೆದ ಕಾಗದವನ್ನು ನೆನೆಯಿರಿ. ಎಪ್ಪತ್ತು ವರ್ಷದ ಮೇಲೆ ಬಿಡುಗಡೆ ಎಂದು ತಿಳಿಸುವ ಮೊದಲೇ ಅವನು ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಹೇಳುತ್ತಾನೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂನಲ್ಲಿ ಹಾಡು ಕಟ್ಟಿ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡರು. ಸಿಯೋನಿನ ಹಂಬಲ, ಮದುವೆಮನೆಯ ಸಡಗರ ಎರಡೂ ಆ ಹಾಡುಗಳಲ್ಲಿವೆ. ನಿರೀಕ್ಷೆ ಅವರನ್ನು ಇದ್ದ ಊರಿನಿಂದ ಬಿಡಿಸಲಿಲ್ಲ, ಅಲ್ಲಿ ಬೇರೂರುವಂತೆ ಮಾಡಿತು.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನಾನೂ 16ನೆಯ ವಚನಕ್ಕೇ ನಿಲ್ಲಿಸಿದಂತಾಗುತ್ತದೆ.

ಆ ಮಂದೆಯೊಳಗೆ ಕೊಬ್ಬಿದ ಕುರಿಗಳೂ ಇದ್ದವು, ಬಡಕಲು ಕುರಿಗಳೂ ಇದ್ದವು. ಯುರೋಪಿನಿಂದ, ಪಶ್ಚಿಮ ಏಷ್ಯಾದಿಂದ ಬಂದ ಪರದೇಶಿ ಯಹೂದಿಗಳು ಮೇಲೆ, ಶತಮಾನಗಳ ಹಿಂದಿನಿಂದ ಇಲ್ಲಿಯೇ ಇದ್ದ ಮಲಬಾರಿ ಯಹೂದಿಗಳು ಕೆಳಗೆ ಎಂಬ ಎಣಿಕೆ ನಡೆದಿತ್ತು. ಅದಕ್ಕಿಂತ ಕೆಳಗಿದ್ದವರು ಬಿಡುಗಡೆಯಾದ ದಾಸರ ಸಂತತಿ ಎನಿಸಿಕೊಂಡ ಮೆಶುಹ್ರಾರಿಂ. ಅವರು ಪರದೇಶಿ ಸಿನಗಾಗಿನ ಒಳಗೆ ಪೀಠದ ಮೇಲೆ ಕೂರುವಂತಿರಲಿಲ್ಲ. ಹೊರಗಿನ ಮೊಗಸಾಲೆಯ ನೆಲವೇ ಅವರಿಗೆ ಗತಿ. ಸತ್ತ ಮೇಲೆ ಹೂಳುವ ಜಾಗದಲ್ಲೂ ಭೇದ. ತಮ್ಮನ್ನು ಕೂಡಿಸಿಕೊಳ್ಳಲು ಬರುವ ದೇವರನ್ನು ದಿನವೂ ಕಾಯುತ್ತಿದ್ದ ಸಭೆಯೇ ತನ್ನ ಬಾಗಿಲಲ್ಲಿ ಒಂದು ಪಾಲು ಜನರನ್ನು ತಡೆದು ನಿಲ್ಲಿಸಿತ್ತು. ಜಾತಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಂಡ ಕ್ರೈಸ್ತರಾದ ನಾವು ಅವರತ್ತ ಬೆರಳು ತೋರಿಸುವ ಹಾಗಿಲ್ಲ. ನಮ್ಮಲ್ಲೂ ಬೇರೆ ಬೆಂಚುಗಳಿದ್ದವು, ಬೇರೆ ಸ್ಮಶಾನಗಳಿದ್ದವು. ಕೆಲವೆಡೆ ಇನ್ನೂ ಇವೆ.

ಆ ಕೆಳಗಿನ ಪಾಲಿನಲ್ಲಿ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸಲೇಂ. ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. ಕೊಚ್ಚಿ ಸಂಸ್ಥಾನದ ಶಾಸನಸಭೆಯಲ್ಲಿ ಕೂತರು. 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿ ಬಂದರು. ಗಾಂಧಿಯ ದಾರಿಯನ್ನು ಅವರು ತಮ್ಮ ಸಿನಗಾಗಿನ ಬಾಗಿಲಿಗೇ ತಂದರು. ಒಳಗೆ ಕೂರಬಾರದೆಂಬ ಕಟ್ಟಳೆಯ ವಿರುದ್ಧ ಸತ್ಯಾಗ್ರಹ ಹೂಡಿದರು. ಮುಂದೆ ಮಕ್ಕಳನ್ನು ಕರೆದುಕೊಂಡು ಒಳಗೇ ಹೋಗಿ ಕೂತರು. ಒಂದೇ ಏಟಿಗೆ ಏನೂ ಬದಲಾಗಲಿಲ್ಲ. 1940ರ ದಶಕದ ಹೊತ್ತಿಗೆ ಕಟ್ಟಳೆಗಳು ಒಂದೊಂದಾಗಿ ಸಡಿಲವಾದವು. 1950ರಲ್ಲಿ ಅವರ ಮಗನ ಮದುವೆ ಪರದೇಶಿ ಮನೆತನದ ಹೆಣ್ಣಿನೊಡನೆ ನಡೆದಾಗ ವಿರೋಧ ಬಂತು, ಆದರೂ ಗೋಡೆ ಬಿರಿಯಿತು. ಜನ ಅವರನ್ನು ಯಹೂದಿ ಗಾಂಧಿ ಎಂದು ಕರೆದರು.

ಸಲೇಂ ತಮ್ಮ ಗ್ರಂಥವನ್ನು ಬಿಟ್ಟು ಹೊರಗೆಲ್ಲೋ ನ್ಯಾಯ ಹುಡುಕಲಿಲ್ಲ. ಸಿನಗಾಗನ್ನು ತೊರೆದು ಬೇರೆ ಸಭೆ ಕಟ್ಟುವ ದಾರಿ ತೆರೆದೇ ಇತ್ತು, ಅದನ್ನೂ ಹಿಡಿಯಲಿಲ್ಲ. ಯಾವ ವಾಗ್ದಾನದ ಹೆಸರಿನಲ್ಲಿ ಮೇಲಿನವರು ಪ್ರಾರ್ಥಿಸುತ್ತಿದ್ದರೋ ಅದೇ ವಾಗ್ದಾನದಲ್ಲಿ ತಮ್ಮ ಪಾಲು ಕೇಳಿದರು. ಬಡಕಲು ಕುರಿ ಹಟ್ಟಿ ಬಿಟ್ಟು ಓಡಲಿಲ್ಲ, ತಿಳಿನೀರಿಗಾಗಿ ನಿಂತಿತು. ಹಾಗೆ ನಿಲ್ಲುವ ಬಲ ಅವರಿಗೆ ಬಂದದ್ದು ಕುರುಬ ತಮ್ಮ ಕಡೆ ಇದ್ದಾನೆಂಬ ನಂಬಿಕೆಯಿಂದ ಎಂದೇ ನಾನು ಓದುತ್ತೇನೆ.

ಕೊನೆಗೆ ವಾಗ್ದಾನದ ದಿನವೂ ಬಂತು. 1948ರಲ್ಲಿ ಇಸ್ರೇಲ್ ಹುಟ್ಟಿತು. ಆಗ ಕೊಚ್ಚಿಯ ಯಹೂದಿಗಳು ಸುಮಾರು ಎರಡೂವರೆ ಸಾವಿರ. ಅನೇಕರು ಮನೆ, ಅಂಗಡಿ ಮಾರಿ ಗಂಟು ಕಟ್ಟಿ ಕೂತರು. ಆನೆಕಾಲು ರೋಗದ ಭಯದಿಂದ ಅಲ್ಲಿನ ಸರಕಾರ ಅವರನ್ನು ಬರಗೊಡಲು ಹಿಂದೆಮುಂದೆ ನೋಡಿತು. ಇದ್ದದ್ದು ಹೋಗಿ, ಹೋಗುವುದು ನಿಂತು ವರ್ಷಗಳು ಕಳೆದವು. ಅವರ ಪರವಾಗಿ ಇಸ್ರೇಲಿನ ಅಧಿಕಾರಿಗಳೊಡನೆ ಮಾತಾಡಿದವರೂ ಸಲೇಂ. ಹೆಚ್ಚಿನವರು 1953ರಿಂದ 55ರ ನಡುವೆ ಹೊರಟರು. ಸಿಕ್ಕಿದ ನೆಲವೋ ನೆಗೆವ್ ಮರುಭೂಮಿಯ ನೆವಾತಿಂ, ಯೆರೂಸಲೇಮಿನ ಬೆಟ್ಟದ ಇಳಿಜಾರಿನ ಮೆಸಿಲಾತ್ ಸಿಯೋನ್, ಅಂಥವು. ಮೆಣಸು, ಮೀನು, ಮೊಟ್ಟೆ ಮಾರಿ ಬಾಳಿದವರು ಒಣನೆಲದಲ್ಲಿ ಗುದ್ದಲಿ ಹಿಡಿದರು. ಮುಂದೆ ನೆವಾತಿಂನವರು ಹಸಿರುಮನೆಗಳಲ್ಲಿ ಹೂ ಬೆಳೆದರು. ಮರಳುವುದೆಂದರೆ ಹಾಲುಜೇನಿನ ಬಾಗಿಲು ತಾನೇ ತೆರೆದುಕೊಳ್ಳುವುದಲ್ಲವೆಂದು ಯೆಹೆಜ್ಕೇಲನ ಕಾಲದವರ ಮಕ್ಕಳೂ ಹೀಗೆಯೇ ಕಲಿತಿದ್ದರು. ಬಾಬಿಲೋನಿನಿಂದ ಬಂದವರಿಗೆ ಕಂಡದ್ದು ಕಲ್ಲುರಾಶಿ.

ನಮ್ಮ ಕರಾವಳಿಯವರಿಗೆ ಇದು ಪರಕೀಯ ಕಥೆಯಲ್ಲ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರಲ್ಲಿ ಉಳಿದವರು 1799ರ ಬಳಿಕ ಘಟ್ಟ ಇಳಿದು ಬಂದರು. ಕೆಡವಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. 

ಸಲೇಂ ತಾವು ಮಾತ್ರ ಇಸ್ರೇಲಿಗೆ ನೆಲಸಲು ಹೋಗಲಿಲ್ಲ. ದಾರಿ ಮಾಡಿಕೊಟ್ಟವರು ಕೊಚ್ಚಿಯಲ್ಲೇ ಉಳಿದು 1967ರಲ್ಲಿ ತೀರಿಕೊಂಡರು. ಮರುವರ್ಷ ಸಿನಗಾಗಿನ ನಾನ್ನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದರು. ಸಲೇಂ ಅವರನ್ನು ನೆನೆದಾಗ ನನಗೆ ಯೆರೆಮೀಯ ಕೊಂಡ ಹೊಲ ನೆನಪಾಗುತ್ತದೆ. ಯೆರೂಸಲೇಮನ್ನು ಶತ್ರು ಸುತ್ತುಗಟ್ಟಿದ್ದಾನೆ, ಪ್ರವಾದಿ ಕಾವಲಿನಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ದಾಯಾದಿ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಲು ಬಾರೂಕನಿಗೆ ಹೇಳುತ್ತಾನೆ. ಆ ಹೊಲವನ್ನು ಅವನು ಉಳುವ ಮಾತೇ ಇರಲಿಲ್ಲ. ಪತ್ರವಾದ ಮೇಲೆ ಪ್ರಾರ್ಥನೆಗೆ ಕೂತು, ಊರು ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಳ್ಳೆಂದೆಯಲ್ಲ ಎಂದು ದೇವರನ್ನೇ ಕೇಳುತ್ತಾನೆ. ಅನುಮಾನ ಪೂರ್ತಿ ತೀರಿದ ಮೇಲೆ ಹೆಜ್ಜೆ ಇಡುತ್ತೇನೆಂದು ಅವನು ಕಾದು ಕೂರಲಿಲ್ಲ. ಕೇಳಿದ್ದಕ್ಕೆ ದೇವರು ಅವನನ್ನು ಗದರಿಸಲೂ ಇಲ್ಲ.

ಇನ್ನು ತೆಂಕಣಕ್ಕೆ, ತಿರುವನಂತಪುರದ ತೀರಕ್ಕೆ ಹೋಗೋಣ. ಅಲ್ಲಿನ ಕುರಿಗಳು ಮೀನುಗಾರರು. ಲ್ಯಾಟಿನ್ ಕ್ಯಾಥೊಲಿಕ್ ಸಭೆಯ ಈ ಜನ ಹದಿನಾರನೆಯ ಶತಮಾನದಿಂದ ಕ್ರೈಸ್ತರು.

1960ರ ದಶಕದ ಆರಂಭದಲ್ಲಿ ವಿಕ್ರಂ ಸಾರಾಭಾಯ್ ರಾಕೆಟ್ ಹಾರಿಸಲು ಜಾಗ ಹುಡುಕುತ್ತಿದ್ದರು. ಭೂಮಿಯ ಕಾಂತ ಸಮಭಾಜಕದ ಸಮೀಪ ಇರುವ ತುಂಬಾ ಅದಕ್ಕೆ ತಕ್ಕುದಾಗಿತ್ತು. ಅಲ್ಲಿ ಸಂತ ಮೇರಿ ಮಗ್ದಲೇನರ ಇಗರ್ಜಿ, ಬಿಷಪರ ಮನೆ, ಸುತ್ತ ಮೀನುಗಾರರ ಗುಡಿಸಲುಗಳು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಆ ಜಾಗ ಬೇಕೆಂಬ ವಿನಂತಿಗೆ ಕೋಣೆಯಲ್ಲಿ ಕೂತು ಒಪ್ಪಿಗೆ ಕೊಡಲಿಲ್ಲ. ಭಾನುವಾರದ ಪೂಜೆಯ ಹೊತ್ತಿಗೆ ಬನ್ನಿರೆಂದು ಸಾರಾಭಾಯ್‌ಗೆ ಹೇಳಿ, ಸೇರಿದ ಜನರ ಮುಂದೆ ವಿಷಯ ಇಟ್ಟು, ನಿಮ್ಮ ದೇವರ ಮನೆಯನ್ನು ಈ ಕೆಲಸಕ್ಕೆ ಕೊಡೋಣವೇ ಎಂದು ಕೇಳಿದರು. ಜನ ಆಮೆನ್ ಎಂದರು. ಅಬ್ದುಲ್ ಕಲಾಂ ಈ ಪ್ರಸಂಗವನ್ನು ಹಲವೆಡೆ ಕೃತಜ್ಞತೆಯಿಂದ ನೆನೆದಿದ್ದಾರೆ. ಪಳ್ಳಿತುರಾದಲ್ಲಿ ಹೊಸ ಇಗರ್ಜಿ ಎದ್ದಿತು, ಜನರಿಗೆ ಬೇರೆ ಕಡೆ ಮನೆಗಳಾದವು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಏರಿತು. ಹಳೆಯ ಇಗರ್ಜಿ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ.

ಈ ಕಥೆಯನ್ನು ದೇಶಭಕ್ತಿಯ ಕಥೆಯಾಗಿ ಹೇಳುತ್ತಾರೆ, ಸರಿಯೇ. ಅದರಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಆ ಭಾನುವಾರದ ಪ್ರಶ್ನೆ. ಕುರುಬ ಮಂದೆಯನ್ನು ಕೇಳಿದ. ಹುಲ್ಲುಗಾವಲು ಬಿಟ್ಟುಕೊಡಬೇಕಾದವರ ಬಾಯಿಂದಲೇ ಒಪ್ಪಿಗೆ ಬರಲಿ ಎಂದ. ಹೀಗೆ ಕೇಳದೆ ಎಬ್ಬಿಸಿದ ಮಂದೆಗಳು ನಮ್ಮ ದೇಶದಲ್ಲಿ ಎಷ್ಟಿವೆ ಎಂಬುದು ಅಣೆಕಟ್ಟು, ಗಣಿ, ಕಾರ್ಖಾನೆಗಳ ನೆರೆಯವರಿಗೆ ಗೊತ್ತು.

ಅದೇ ತೀರದಲ್ಲಿ 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಎದ್ದಿತು. ಪೂಂತುರಾ, ವಿಳಿಂಞಂ ಊರುಗಳಿಂದ ಕಡಲಿಗೆ ಹೋಗಿದ್ದ ಎಷ್ಟೋ ಗಂಡಸರು ಮರಳಲಿಲ್ಲ. ಎಚ್ಚರಿಕೆ ಅವರಿಗೆ ಹೊತ್ತಿಗೆ ಮುಟ್ಟಲಿಲ್ಲವೆಂದು ತೀರದ ಹೆಂಗಸರು ಬೀದಿಯಲ್ಲಿ ನಿಂತು ಕೂಗಿದರು. ಹಲವರ ಹೆಣವೂ ಸಿಗಲಿಲ್ಲ. ಹುಡುಕುವ ಕುರುಬನ ವಾಗ್ದಾನವನ್ನು ಇಂಥ ಮನೆಯ ಮುಂದೆ ಹೇಗೆ ಓದಬೇಕು? ಸಭಾಪಾಲಕರೆಲ್ಲ ಎದುರಿಸುವ ಪ್ರಶ್ನೆ ಇದು. ಸಮಾಧಿಯೇ ಇಲ್ಲದವರನ್ನೂ ಕರೆಯಬಲ್ಲವನು ನಮ್ಮ ದೇವರು. ಒಣಗಿದ ಎಲುಬುಗಳ ಕಣಿವೆಯನ್ನು ಕಂಡವನೂ ಇದೇ ಯೆಹೆಜ್ಕೇಲ. ನಾನು ಇದನ್ನು ನಂಬುತ್ತೇನೆ. ಆದರೆ ಎಚ್ಚರಿಕೆ ಏಕೆ ಮುಟ್ಟಲಿಲ್ಲವೆಂಬ ಪ್ರಶ್ನೆಯ ಬಾಯಿ ಮುಚ್ಚಿಸಲು ಪುನರುತ್ಥಾನದ ಮಾತನ್ನು ಬಳಸಿದರೆ ನಾವು 34ನೆಯ ಅಧ್ಯಾಯದ ಮೊದಲ ಭಾಗದ ಕೆಟ್ಟ ಕುರುಬರೇ ಆಗುತ್ತೇವೆ.

ಒಂಬತ್ತು ತಿಂಗಳೂ ಕಳೆದಿರಲಿಲ್ಲ. 2018ರ ಆಗಸ್ಟಿನ ಮಹಾಪೂರದಲ್ಲಿ ಚೆಂಗನ್ನೂರು, ಪತ್ತನಂತಿಟ್ಟದ ಮನೆಗಳು ಸೂರಿನವರೆಗೆ ಮುಳುಗಿದವು. ಆಗ ತಿರುವನಂತಪುರ, ಕೊಲ್ಲಂ ತೀರದ ಮೀನುಗಾರರು ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಒಳನಾಡಿಗೆ ಹೊರಟರು. ಯಾರೂ ಆಜ್ಞೆ ಮಾಡಿರಲಿಲ್ಲ. ಸಾವಿರ ಸಾವಿರ ಜನರನ್ನು, ಮುದುಕರನ್ನು, ಬಾಣಂತಿಯರನ್ನು ಹೊತ್ತು ತಂದರು. ಹೆಗಲ ಮೇಲೆ ಮರಿ ಹೊತ್ತ ಕುರುಬನನ್ನು ಕೇರಳ ಆ ವಾರ ಕಣ್ಣಾರೆ ಕಂಡಿತು. ಹೊತ್ತವರು ಊರಿನವರಿಂದ ಮೀನುನಾತದವರೆಂದು ದೂರ ಇಡಿಸಿಕೊಂಡವರು. ಅವರಲ್ಲಿ ಓಖಿಯಲ್ಲಿ ತಮ್ಮವರನ್ನು ಕಳೆದುಕೊಂಡ ಊರಿನವರೂ ಇದ್ದರು.

ಆಮೇಲೆ ಅವರ ಪಾಲಿಗೆ ಬಂದದ್ದೇನು? ವಲಿಯತುರಾದ ಮನೆಗಳನ್ನು ಕಡಲು ನುಂಗುತ್ತ ಬಂತು. ಮನೆ ಕಳೆದುಕೊಂಡ ಕುಟುಂಬಗಳು ವರ್ಷಗಟ್ಟಲೆ ಗೋದಾಮಿನೊಳಗೆ ಬಟ್ಟೆಯ ಪರದೆ ಕಟ್ಟಿಕೊಂಡು ಬಾಳಿದವು. ವಿಳಿಂಞಂ ಬಂದರಿನ ಕಾಮಗಾರಿಯೇ ಕೊರೆತಕ್ಕೆ ಕಾರಣವೆಂದು ಮೀನುಗಾರರು ಹೇಳಿದರು, ಬಂದರಿನವರೂ ಸರಕಾರವೂ ಅದನ್ನು ಒಪ್ಪಲಿಲ್ಲ. 2022ರಲ್ಲಿ ಲ್ಯಾಟಿನ್ ಮಹಾಧರ್ಮಪ್ರಾಂತ್ಯ ಹೋರಾಟಕ್ಕೆ ಇಳಿಯಿತು. ಪಾದ್ರಿಗಳು ಜನರೊಡನೆ ಬಿಸಿಲಲ್ಲಿ ಕೂತರು. ನವೆಂಬರಿನಲ್ಲಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಅನೇಕ ಪೊಲೀಸರು ಗಾಯಗೊಂಡರು. ಅದನ್ನು ನಾನು ಸಮರ್ಥಿಸುವುದಿಲ್ಲ, ಕುರುಬನ ಕೋಲು ಅದಕ್ಕಲ್ಲ. ಡಿಸೆಂಬರ್ 6ರಂದು ಮಾತುಕತೆಯಿಂದ ಹೋರಾಟ ನಿಂತಿತು. ಕೊರೆತಕ್ಕೆ ಬಂದರು ಎಷ್ಟು ಕಾರಣ ಎಂಬುದನ್ನು ಸಮುದ್ರ ಬಲ್ಲವರು ಅಳೆಯಲಿ. ಆದರೆ ಗೋದಾಮಿನಲ್ಲಿ ಮಗು ಹೆತ್ತವಳಿಗೆ ಮನೆ ಬೇಕೆನ್ನುವುದಕ್ಕೆ ಯಾವ ಅಳತೆಯೂ ಬೇಕಿಲ್ಲ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಡಲ್ಕೊರೆತ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೀರದಿಂದ 50 ಮೀಟರಿನೊಳಗೆ ಇರುವವರಿಗೆ ಬೇರೆ ಕಡೆ ಮನೆ ಕೊಡುವ ಪುನರ್ಗೇಹಂ ಯೋಜನೆ ಕೇರಳದಲ್ಲಿ ನಡೆದಿದೆ. ಮುಟ್ಟತ್ತರದಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಸಂತೋಷ. ಆದರೆ ಮಹಡಿ ಮೇಲಿನ ಮನೆಯಲ್ಲಿ ಬಲೆ ಎಲ್ಲಿ ಒಣಗಿಸುವುದು, ದೋಣಿ ಯಾರು ಕಾಯುವುದು ಎಂದು ಮೀನುಗಾರ ಕೇಳಿದರೆ ಅದು ಕೃತಘ್ನತೆಯಲ್ಲ. ತುಂಬಾದಲ್ಲಿ ಆ ಭಾನುವಾರ ಅವರನ್ನು ಕೇಳಿದ್ದರು. ಮನೆ ಕಟ್ಟುವ ಮುಂಚೆಯೂ ಹಾಗೆ ಕೇಳಬೇಕು.

34ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಸಮಾಧಾನದ ಒಡಂಬಡಿಕೆ ಬರುತ್ತದೆ. ಹೊತ್ತಿಗೆ ಸರಿಯಾದ ಮಳೆ, ಫಲ ಕೊಡುವ ಮರ, ಯಾರ ಹೆದರಿಕೆಯೂ ಇಲ್ಲದ ನಿದ್ದೆ. ಪ್ರವಾದಿ ಸ್ವರ್ಗದ ವರ್ಣನೆಗೆ ಹೋಗಲಿಲ್ಲ, ಹೊಲ, ಮಳೆ, ನಿದ್ದೆಗಳ ಮಾತಾಡಿದ. ನ್ಯಾಯ ತೀರಿಸಿದ ಬಳಿಕವೇ ಆ ನಿದ್ದೆಯ ಮಾತು ಬರುತ್ತದೆ. ತೀರದವರಿಗೆ ಆ ನಿದ್ದೆ ಹೊತ್ತಿಗೆ ಮುಟ್ಟುವ ಎಚ್ಚರಿಕೆಯಿಂದ ಶುರುವಾಗುತ್ತದೆ. ಓಖಿಯ ನಂತರ, ಮೊಬೈಲ್ ಸಿಗ್ನಲ್ ಸಿಗದ ನಡುಗಡಲಿನಲ್ಲೂ ಚಂಡಮಾರುತದ ಎಚ್ಚರಿಕೆ ದೋಣಿಗೆ ಮುಟ್ಟುವ ನಾವಿಕ್ ಸಾಧನವನ್ನು ಇಸ್ರೋ ರೂಪಿಸಿತು. ಕೇರಳದ ಮೀನುಗಾರರಿಗೂ ಹಂಚಿತು. ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಮೊದಲು ಕಾಲೂರಿದ್ದು ಇದೇ ಜನ ಬಿಟ್ಟುಕೊಟ್ಟ ಇಗರ್ಜಿಯ ನೆಲದಲ್ಲಿ. ಅಂಥ ಸಾಧನ ಇನ್ನೂ ಸಿಗದ ದೋಣಿಗಳು ಯಾವುವೆಂದು ಪ್ರತಿ ಊರಿನ ಸಭಾಪಾಲಕರು ಮನೆಮನೆಗೆ ಹೋಗಿ ಪಟ್ಟಿ ಮಾಡಬೇಕು. ಮಲ್ಪೆಯಲ್ಲೂ, ಮಂಗಳೂರಿನ ಬಂದರಿನಲ್ಲೂ ಆ ಕೆಲಸ ಮುಂದಿನ ಮಳೆಗಾಲಕ್ಕೆ ಮುಂಚೆ ಆಗಬೇಕು.